ಹೆಣ್ಣಿನ ಹೆಸರು

೨೦೨೪ನೆಯ ಇಸವಿ ನವೆಂಬರ್ ಹದಿನೇಳು, ಭಾನುವಾರ. ಬೆಳಿಗ್ಗೆ ಹನ್ನೊಂದು ಗಂಟೆಗೆ ಶ್ರೀರಂಗಪಟ್ಟಣದ ಪೇಟೆಬೀದಿಯಲ್ಲಿ ಅಕ್ಕಸಾಲಿ ರಾಮಚಂದ್ರಾಚಾರಿಯ ತಕ್ಕಡಿ ಮೂರು ಗ್ರಾಂ ಎಂಟುನೂರ ನಲವತ್ತು ಮಿಲಿ ತೋರಿಸಿತು. ತಾಳಿ ಸಿದ್ಧವಾಗಿತ್ತು. ಗಾಜಿನ ಗೂಡಿನೊಳಗಿನ ಪುಟ್ಟ ತಟ್ಟೆಯ ಮೇಲೆ ಅದು ಅಲುಗದೆ ಕುಳಿತಿತ್ತು. ಎದುರಿಗೆ ಸ್ಟೂಲಿನ ಮೇಲಿದ್ದ ಅವನ ಮಗಳು ಕೀರ್ತನ ತಾಳಿಯನ್ನು ಬಿಟ್ಟು ತಕ್ಕಡಿಯ ಹಸಿರು ಅಂಕಿಗಳನ್ನು ನೋಡುತ್ತಿದ್ದಳು. ಅಂಕಿಗಳನ್ನು ನೋಡಿದರೆ ಏನೂ ಅನ್ನಿಸುತ್ತಿರಲಿಲ್ಲ. ತಾಳಿಯನ್ನು ನೋಡಿದರೆ ಒಂದು ಕುತ್ತಿಗೆ ಕಣ್ಣಿಗೆ ಬರುತ್ತಿತ್ತು. ಸುಕ್ಕುಗಟ್ಟಿದ, ಬಿಸಿಲಿಗೆ ಕರಿದಾದ, ಗಂಡ ಸತ್ತಂದಿನಿಂದ ಬರಿದಾಗಿದ್ದ ಮುದುಕಿಯ ಕುತ್ತಿಗೆ. ನಿನ್ನೆ ಸಂಜೆ ಗೆಳತಿ ರಮ್ಯ ಫೋನಿನಲ್ಲಿ ಪಿಸುಗುಟ್ಟಿದ್ದಳು: “ಮದ್ವೆ ನಂಗಲ್ಲ ಕಣೇ. ನಮ್ಮಜ್ಜಿಗೆ.” ಆ ಮಾತು ಕಿವಿಯಿಂದ ಒಳಗೆ ಹೋಗಿ ಅರ್ಥವಾಗುವ ಜಾಗಕ್ಕೆ ಇನ್ನೂ ತಲುಪಿರಲಿಲ್ಲ. ರಾತ್ರಿ ಊಟ ಮಾಡಿದ್ದಳು, ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡಿದ್ದಳು, ಆದರೂ ಯಾರೋ ಈಗತಾನೆ ಬೆನ್ನಿಗೆ ತಣ್ಣೀರು ಎರಚಿದಂತೆ ಆಗಾಗ ಮೈ ಸೆಟೆದುಕೊಳ್ಳುತ್ತಿತ್ತು.

ಗುರುವಾರ ಆ ಮುದುಕಿ ಇದೇ ಚಾಪೆಯ ಮೇಲೆ ಕುಳಿತಿದ್ದಳು. ಕ್ಯಾತನಹಳ್ಳಿಯ ಪುಟ್ಟಗೌರಮ್ಮ, ಕಬ್ಬಿನ ಗದ್ದೆಯುಳ್ಳ ಗೌಡರ ಮನೆಯ ಹಿರಿಯಳು. ಕಾಲೇಜಿಗೆ ರಜೆ ಹಾಕಿದ್ದ ಕೀರ್ತನ ನೀರು ತಂದಾಗ ಅಪ್ಪನ ಮುಂದೆ ಅಕ್ಕಿ, ಬೆಲ್ಲ, ತೆಂಗಿನಕಾಯಿ, ವೀಳ್ಯದೆಲೆಯ ತಟ್ಟೆ ಇತ್ತು. ತಾಳಿಗೆ ಕೊಡುವವರು ಹಾಗೆಯೇ ಬರುವುದು. ಅಕ್ಕಸಾಲಿಯ ಮನೆಯಲ್ಲಿ ಒಂದು ಪದ್ಧತಿ ಇತ್ತು. ತಾಳಿಯ ಚಿನ್ನವನ್ನು ಬೆಂಕಿಗೆ ಇಡುವ ಮೊದಲು ಅಕ್ಕಸಾಲಿ ಕಿವಿಯನ್ನು ಮುಂದೆ ಚಾಚುತ್ತಾನೆ. ತಂದವರು ಹೆಣ್ಣಿನ ಹೆಸರನ್ನು ಅವನ ಕಿವಿಯಲ್ಲಿ ಮಾತ್ರ ಹೇಳುತ್ತಾರೆ. ಅವನು ಅದನ್ನು ಬೆಂಕಿಗೆ ಹೇಳುತ್ತಾನೆ. ಕಟ್ಟುವವರೆಗೆ ಆ ತಾಳಿ ಯಾರದೆಂದು ಅಕ್ಕಸಾಲಿಯ ಮನೆಯ ಒಂದು ಬಾಯಿಯೂ ಆಡಕೂಡದು. ಅಪ್ಪ ಬಾಗಿದ್ದನ್ನು, ಮುದುಕಿಯ ತುಟಿ ಅವನ ಕಿವಿಯ ಬಳಿ ಅಲುಗಿದ್ದನ್ನು, ಅಪ್ಪ ಒಂದು ಗಳಿಗೆ ಬಾಗಿದಂತೆಯೇ ಉಳಿದದ್ದನ್ನು ಕೀರ್ತನ ಕಂಡಿದ್ದಳು. ಅಷ್ಟು ಸಾಕಿತ್ತು. ಉಳಿದದ್ದನ್ನು ಅವಳೇ ಓದಬಲ್ಲಳು. ಬಸ್ಸಿನಲ್ಲಿ ನಿಂತು ಹೆಂಗಸರ ಕುತ್ತಿಗೆ ನೋಡಿ ಯಾರು ಯಾವ ಜನ, ಯಾವ ಕಡೆಯವರು ಎಂದು ಹೇಳುವುದನ್ನು ಅಪ್ಪ ಅವಳಿಗೆ ಮಗ್ಗಿಯಂತೆ ಕಲಿಸಿದ್ದ. ಮುದುಕಿಯ ಕತ್ತು ಬರಿದು, ವಿಧವೆ. ಪಾಂಡವಪುರದ ಅಷ್ಟು ಅಂಗಡಿಗಳನ್ನು ಬಿಟ್ಟು ಇಲ್ಲಿಗೆ ಬಂದಿದ್ದಾಳೆ, ಗುಟ್ಟು. ಚಿನ್ನಕ್ಕೆಂದು ತನ್ನ ಕಿವಿಯ ಓಲೆಯನ್ನೇ ಬಿಚ್ಚಿ ಕೊಟ್ಟಿದ್ದಾಳೆ, ಮನೆಯವರಿಗೆ ತಿಳಿಯದು. ಬೇಕೆಂದ ಮಾದರಿ ಗೌಡರದಲ್ಲ, ಕೆ.ಆರ್. ಪೇಟೆ ಕಡೆಯ ಬೇರೆ ಜನದವರದು. ಗಂಡಿನ ಜಾತಿ ಬೇರೆ. ಮುದುಕಿಯ ಮನೆಯಲ್ಲಿ ಮದುವೆಗೆ ಇರುವ ಹೆಣ್ಣು ಒಂದೇ, ಮೊಮ್ಮಗಳು ರಮ್ಯ, ತನ್ನ ಪಕ್ಕದಲ್ಲಿ ಕೂರುವ ರಮ್ಯ. ಕೂಡಿಸಿದ ಸಂಖ್ಯೆಗಳೆಲ್ಲ ಸರಿಯಾಗಿದ್ದವು. ಮೊತ್ತ ತಪ್ಪಾಗಿತ್ತು.

“ಏನ್ ಓದ್ತಿದ್ದೀಯೆ ಮಗ?” ಎಂದು ಮುದುಕಿ ಲೋಟ ತೆಗೆದುಕೊಳ್ಳುತ್ತ ಕೇಳಿದ್ದಳು.

“ಪಾಂಡವಪುರದಲ್ಲಿ ಸೆಕೆಂಡ್ ಪಿಯು ಅಜ್ಜಿ. ನಿಮ್ಮ ರಮ್ಯ ನನ್ ಕ್ಲಾಸೇ.”

ಲೋಟ ತುಟಿಯವರೆಗೆ ಹೋಗಿ ನಿಂತಿತ್ತು. “ರಮ್ಯನ ಜತೆಯೋಳಾ ನೀನು,” ಎಂದು, ಆಮೇಲೆ ನಿಧಾನಕ್ಕೆ ನೀರು ಕುಡಿದು, “ಅಂಗಾರೆ ನಂಗೂ ಮೊಮ್ಮಗಳೇ ಆದೆ ಬುಡು,” ಎಂದಿದ್ದಳು. ಕೀರ್ತನ ಅದನ್ನು ಸಂತೋಷ ಎಂದು ಓದಿದ್ದಳು. ಅದು ಬೇಡಿಕೆಯಾಗಿತ್ತು ಎಂಬುದು ಈಗ, ಭಾನುವಾರ, ಸ್ಟೂಲಿನ ಮೇಲೆ ಕುಳಿತಾಗ ಹೊಳೆಯುತ್ತಿದೆ. ಬಾಯಿ ಬಿಡಬೇಡ ಎಂದು ಹೇಳುವುದಕ್ಕೆ ಹಿರಿಯರು ಬಳಸುವ ಮಾತು ಅದು. ಅಪ್ಪ ತಕ್ಕಡಿಯಿಂದ ತಾಳಿಯನ್ನು ಚಿಮಟದಲ್ಲಿ ಎತ್ತಿ ಬೆಳಕಿಗೆ ಹಿಡಿದ, ಅಂಚಿನಲ್ಲಿ ಏನೋ ಕಂಡು ಮತ್ತೆ ಅರದಿಂದ ತೀಡಿದ. ಅವನಿಗೆ ಹೆಸರು ಗುರುವಾರವೇ ಗೊತ್ತಿತ್ತು. ಗೊತ್ತಿದ್ದೂ ಅವನು ಎಂದಿನಂತೆ ಊಟ ಮಾಡಿದ, ಎಂದಿನಂತೆ ನ್ಯೂಸ್ ನೋಡಿದ. ಅರವತ್ತು ದಾಟಿದ ವಿಧವೆಯ ಹೆಸರನ್ನು ಬೆಂಕಿಗೆ ಹೇಳಿದ ಮೇಲೆ ಇವನ ಮುಖದಲ್ಲಿ ಏನೂ ಬದಲಾಗದೆ ಇದ್ದದ್ದು ಹೇಗೆ.

ಶುಕ್ರವಾರ ಕಾಲೇಜಿನ ಮೆಟ್ಟಿಲ ಕೆಳಗೆ ರಮ್ಯನ ಕೈ ಹಿಡಿದುಕೊಂಡು ಅವಳು ಹೇಳಿಯೇಬಿಟ್ಟಿದ್ದಳು. ತಡೆದುಕೊಳ್ಳಲಾಗಲಿಲ್ಲ. ಹೋದ ತಿಂಗಳು ನಾಗಮಂಗಲದಲ್ಲಿ ನಡೆದ ಚರ್ಚಾ ಸ್ಪರ್ಧೆಯಲ್ಲಿ ಪ್ರೀತಿಗೆ ಜಾತಿಯಿಲ್ಲ, ಹೆಣ್ಣು ಧೈರ್ಯವಾಗಿ ಬದುಕಬೇಕು, ಜನರನ್ನು ಅಚ್ಚಿನಲ್ಲಿ ಹಾಕಿ ನೋಡಬಾರದು ಎಂದು ಐದು ನಿಮಿಷ ಮಾತಾಡಿ ಎರಡನೆಯ ಬಹುಮಾನ ತಂದವಳು ಅವಳು. ಆ ದಿನ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಸಂತೋಷ್. ಅವನೂ ಕ್ಯಾತನಹಳ್ಳಿಯವನು, ಗೌಡರ ಹುಡುಗ. ಅವಳ ಆಚಾರಿ ಕೈ ಅವನ ಗೌಡರ ಕೈಯಲ್ಲಿ ಒಂದು ಮಧ್ಯಾಹ್ನ ಇದೇ ಮೆಟ್ಟಿಲ ಕೆಳಗೆ ಬೆವರಿತ್ತು, ಅದನ್ನು ಅವಳು ಧೈರ್ಯ ಎಂದು ಕರೆದುಕೊಂಡಿದ್ದಳು. ಈಗ ರಮ್ಯ ತನಗಿಂತ ಮುಂದೆ ಹೋಗಿಬಿಟ್ಟಿದ್ದಾಳೆ, ಅಜ್ಜಿಯನ್ನೇ ಒಪ್ಪಿಸಿದ್ದಾಳೆ. “ನಂಗೂ ಹೇಳಲಿಲ್ಲವಲ್ಲೇ ಕಳ್ಳಿ. ಎಂಥ ಧೈರ್ಯ ನಿಂದು. ತಾಳಿ ನಮ್ಮಪ್ಪನೇ ಮಾಡ್ತಿರೋದು.” ರಮ್ಯನ ಮುಖದಿಂದ ರಕ್ತ ಇಳಿಯುವುದು ಕಂಡಿತು. “ಯಾರ್ಗೆ ತಾಳಿ? ನಂಗಾ? ಯಾರ ಜತೆಗೆ ಕಟ್ಟಿಸ್ತಾವ್ರೆ ನನ್ನ?” ಎಂದಳು. ಅವಳು ಬ್ಯಾಗನ್ನು ಎದೆಗೆ ಅವುಚಿಕೊಂಡು ಮಧ್ಯಾಹ್ನದ ಬಸ್ಸಿಗೆ ಓಡಿದಳು, ಕೀರ್ತನ ಅದನ್ನೂ ನಾಚಿಕೆ ಎಂದು ಓದಿದಳು. ಮನೆಯಲ್ಲಿ ರಮ್ಯ ತಾಯಿಯ ಮುಂದೆ ಅತ್ತಳಂತೆ. ತಾಯಿ ತಂದೆಗೆ ಹೇಳಿದಳಂತೆ. ತಂದೆ ಚಲುವರಾಜು ನಡುಮನೆಯಲ್ಲಿ ನಿಂತು ತನ್ನ ತಾಯಿಯನ್ನು ಕೇಳಿದನಂತೆ. ಅವಳು ಅವರೆಕಾಳು ಬಿಡಿಸುತ್ತಿದ್ದ ಕೈಯನ್ನು ನಿಲ್ಲಿಸದೆ, “ಅವಳನ್ಯಾಕೆ ಅಳಿಸ್ತೀರಿ, ತಾಳಿ ನಂಗೆ,” ಎಂದಳಂತೆ.

ನಿನ್ನೆ ಫೋನಿನಲ್ಲಿ ರಮ್ಯ ಇದನ್ನು ಹೇಳಿ ಮುಗಿಸಿದಾಗ ಕೀರ್ತನಳ ಬಾಯಿಂದ ಬಂದ ಮೊದಲ ಸದ್ದು “ಥೂ.” ಆಮೇಲೆ, “ಈ ವಯಸ್ಸಲ್ಲಾ?” ಗಂಡು ಸಿದ್ದರಾಜು ಎಂಬವನು, ಕೆ.ಆರ್.ಎಸ್. ನಾಲೆಯಲ್ಲಿ ನೀರು ಬಿಡುವ ಕೆಲಸದಲ್ಲಿದ್ದು ರಿಟೈರ್ ಆದವನು, ಹೆಂಡತಿ ಇಲ್ಲದವನು, ಕೆ.ಆರ್. ಪೇಟೆ ಪಕ್ಕದ ಶೀಳನೆರೆಯವನು. ಕೀರ್ತನ ಫೋನು ಇಟ್ಟು ತಕ್ಷಣ ಅದನ್ನು ಸಂತೋಷನಿಗೆ ಬರೆದಳು. ಅವನು ನಗುವ ಮುಖಗಳ ಒಂದು ಸಾಲು ಕಳಿಸಿ, ‘ಅಜ್ಜಿ ಹನಿಮೂನ್ ಕೆ.ಆರ್.ಎಸ್. ಗಾರ್ಡನ್ನಾ?’ ಎಂದು ಬರೆದ. ಅವಳೂ ನಗುವ ಮುಖಗಳ ಒಂದು ಸಾಲು ಕಳಿಸಿದಳು. ಬೆರಳು ತಾನಾಗಿ ಹೋಗಿ ಒತ್ತಿತ್ತು. ಕಳಿಸಿದ ಮೇಲೆ ಕನ್ನಡಿಯಲ್ಲಿ ನೋಡಿಕೊಂಡರೆ ಮುಖದಲ್ಲಿ ನಗು ಇರಲಿಲ್ಲ. ನಾಗಮಂಗಲದ ವೇದಿಕೆಯ ಮೇಲೆ ಮಾತಾಡಿದವಳು ಯಾರು, ಥೂ ಎಂದವಳು ಯಾರು. ಆ ಐದು ನಿಮಿಷದ ಮಾತಿನಲ್ಲಿ ಹೆಣ್ಣು ಎಂದಾಗಲೆಲ್ಲ ತನ್ನ ಕಣ್ಣ ಮುಂದೆ ಇದ್ದದ್ದು ಹದಿನೇಳರ ಹೆಣ್ಣು ಮಾತ್ರ, ಉದ್ದ ಕೂದಲಿನ, ಜೀನ್ಸ್ ಹಾಕಿದ ಹೆಣ್ಣು. ಕೈಯಲ್ಲಿ ಕುಡುಗೋಲು ಹಿಡಿದ, ಹಲ್ಲು ಕರೆಗಟ್ಟಿದ ಹೆಣ್ಣನ್ನು ಅವಳು ಹೆಣ್ಣುಗಳ ಲೆಕ್ಕದಲ್ಲಿ ಸೇರಿಸಿಯೇ ಇರಲಿಲ್ಲ.

ಬಾಗಿಲಲ್ಲಿ ಬೈಕು ನಿಂತ ಸದ್ದಾಯಿತು. ಬಿಳಿ ಅಂಗಿಯ ದಪ್ಪ ಮನುಷ್ಯ ಚಪ್ಪಲಿಯನ್ನು ಹೊರಗೇ ಬಿಟ್ಟು ಒಳಗೆ ಬಂದ. ಚಲುವರಾಜು. ಕಾಲೇಜಿನ ವಾರ್ಷಿಕೋತ್ಸವದಲ್ಲಿ ನೋಡಿದ್ದಳು; ಆಗ ರಮ್ಯನಿಗೂ ತನಗೂ ಐಸ್‌ಕ್ರೀಮು ಕೊಡಿಸಿದ್ದ.

“ಬನ್ನಿ ಗೌಡ್ರೆ, ಕೂತ್ಕೊಳ್ಳಿ,” ಎಂದ ಅಪ್ಪ. ಚಿಮಟ ಮತ್ತು ತಾಳಿ ಅವನ ಕೈಯಲ್ಲೇ ಇದ್ದವು.

“ಕೂರಕ್ಕೆ ಬಂದಿಲ್ಲ ಆಚಾರ್ರೆ. ನಮ್ಮವ್ವ ಕೊಟ್ಟಿರೋ ಚಿನ್ನ ವಾಪಸ್ ಕೊಟ್ಬುಡಿ, ಓಯ್ತೀನಿ.”

“ಯಾವ ಚಿನ್ನ?”

“ನಿಮ್ ಕೈಲಿರದೇ ಕಣ್ರೀ. ಮುಚ್ಚಿಡಬ್ಯಾಡಿ. ನಿಮ್ ಮಗಳೇ ನಮ್ ಉಡುಗಿಗೆ ಯೋಳವ್ಳೆ.”

ಅಪ್ಪ ತಿರುಗಿ ಅವಳನ್ನು ನೋಡಿದ. ಬೈಗುಳದ ನೋಟವಲ್ಲ ಅದು. ಇಪ್ಪತ್ತು ವರ್ಷ ಬಳಸಿದ ತಕ್ಕಡಿ ಸುಳ್ಳು ತೂಗುತ್ತಿದೆ ಎಂದು ಯಾರೋ ಹೇಳಿದಾಗ ಅಕ್ಕಸಾಲಿ ತಕ್ಕಡಿಯನ್ನು ನೋಡುವ ಹಾಗೆ ನೋಡಿದ.

“ಚಿನ್ನ ತಂದೋರ ಕೈಗೇ ಕೊಡೋದು ಗೌಡ್ರೆ. ನಮ್ಮಲ್ಲಿ ಅದೇ ರೂಢಿ.”

“ತಂದೋಳು ಎಲ್ಲವಳೆ ಈಗ? ನಿನ್ನೆ ಸಂಜೆ ಬ್ಯಾಗ್ ಇಡ್ಕಂಡು ಶೀಳನೆರೆ ಬಸ್ ಅತ್ಬುಟ್ಟವ್ಳೆ. ತಡೆಯಕ್ಕೆ ಓದ್ರೆ, ‘ಬುಡ್ಲಾ ದಾರಿ, ನಲವತ್ತೈದು ವರ್ಸ ನಿಮ್ಮನೆ ಸಗಣಿ ಬಾಚಿವ್ನಿ, ಸಾಕು’ ಅಂದ್ಲು. ರಮ್ಯ ಬಾಗ್ಲಲ್ಲೇ ನಿಂತಿದ್ಲು. ಅಜ್ಜಿ ಮಕ ನೋಡ್ದೆ ಒಳಿಕ್ಕೋದ್ಲು. ಅವಾಗ್ಲೇ ನಮ್ಮವ್ವ ಅತ್ತಿದ್ದು. ನಾನ್ ಬೈದಾಗ ಅಳ್ಲಿಲ್ಲ.” ಅವನು ಇಷ್ಟು ಹೇಳಿ ಬೇಡವೆಂದ ಕುರ್ಚಿಯ ಮೇಲೆ ಕುಳಿತುಬಿಟ್ಟ. ಅಂಗೈಯಲ್ಲಿ ಮುಖ ಒರೆಸಿಕೊಂಡ. “ಬೆಳಿಗ್ಗೆ ಡೈರಿಗೋದೆ. ಆಲು ಅಳಿಯೋನು ಕೇಳ್ತಾನೆ, ಗೌಡ್ರೆ, ಎಣ್ಣಿನ ಕಡೆಯೋರು ನೀವೇ ಅಲ್ವಾ, ಬೀಗರೂಟ ಯಾವತ್ತು ಅಂತ. ಇನ್ನೊಬ್ಬ, ಅನಿಮೂನು ಕೆಆರೆಸ್ ಗಾರ್ಡನ್ನಂತೆ ಅಂದ. ಚಿಕ್ ಚಿಕ್ ಐಕಳೆಲ್ಲ ನಗ್ತವೆ. ಒಂದೇ ರಾತ್ರೀಲಿ ಊರಿಗೆಲ್ಲ ಎಂಗೆ ಗೊತ್ತಾಯ್ತು ಅಂತೀನಿ.”

ಕೀರ್ತನಳ ಕಿವಿಯಲ್ಲಿ ಗುಂಯ್ ಎಂದಿತು. ಕೆ.ಆರ್.ಎಸ್. ಗಾರ್ಡನ್. ತಾನು ನಗುವ ಮುಖಗಳನ್ನು ಕಳಿಸಿ ಮೆಚ್ಚಿಕೊಂಡ ಅದೇ ಮಾತು, ಸಂತೋಷನ ಫೋನಿನಿಂದ ಹೊರಟು, ಊರನ್ನು ಸುತ್ತಿ, ಹಾಲಿನ ಕ್ಯಾನುಗಳ ನಡುವೆ ಈ ಮನುಷ್ಯನ ಮೇಲೆ ಬಿದ್ದು, ಈಗ ಇವನ ಬಾಯಿಂದ ಇದೇ ಅಂಗಡಿಗೆ ವಾಪಸ್ಸು ಬಂದಿದೆ. ಹೇಳಬೇಕು ಎನ್ನಿಸಿತು. ಹೇಳುವುದಕ್ಕೆ ಬದಲಾಗಿ ಅವಳು ಎದ್ದು ಹೋಗಿ ಒಂದು ಲೋಟ ನೀರು ತಂದು ಅವನಿಗೆ ಕೊಟ್ಟಳು. ಅವನು ಕುಡಿದು, “ಚೆನ್ನಾಗಿ ಓದವ್ವ,” ಎಂದ. ಮಗಳ ಗೆಳತಿಗೆ ಹೇಳುವ ಅಭ್ಯಾಸದ ಮಾತು ಅದು. ಅವಳಿಗೆ ಕೆನ್ನೆಗೆ ಹೊಡೆಸಿಕೊಂಡಂತಾಯಿತು. ಎದ್ದು ನಿಂತು ಅವನು ಅಪ್ಪನಿಗೆ ಹೇಳಿದ: “ಕರಗಿಸ್ಬುಡಿ ಆಚಾರ್ರೆ. ನಾಳೆ ಬತ್ತೀನಿ. ನಮ್ ದೊಡ್ಡಪ್ಪನ ಮಕ್ಳ ಮನೇಲೂ ಮೂರು ಮದ್ವೆ ಅವೆ, ಎಲ್ಲಾ ನಿಮ್ಮಲ್ಲೇ ಕೊಡದು. ಯೋಚ್ನೆ ಮಾಡಿ.”

ಬೈಕು ಹೋಯಿತು. ಅಪ್ಪ ತಾಳಿಯನ್ನು ಅರಿಸಿನದ ದಾರಕ್ಕೆ ಪೋಣಿಸಿ ಗುಲಾಬಿ ಕಾಗದದಲ್ಲಿ ಸುತ್ತಿ ಹಲಗೆಪೆಟ್ಟಿಗೆಯಲ್ಲಿಟ್ಟ. ಅವನು ಏನಾದರೂ ಅಂದಿದ್ದರೆ ಅವಳು ಅಳಬಹುದಿತ್ತು. ಒಳಗಿನಿಂದ ಅವನ ತಾಯಿ ನಾಗಲಕ್ಷ್ಮಮ್ಮ ಊಟಕ್ಕೆ ಕರೆದಳು. ಹನ್ನೆರಡು ವರ್ಷದಿಂದ ಅವಳ ಕುತ್ತಿಗೆಯೂ ಬರಿದು, ಕೀರ್ತನ ಅದನ್ನು ಗೋಡೆಯನ್ನು ನೋಡಿದಂತೆ ನೋಡುತ್ತ ಬೆಳೆದವಳು. ಅಜ್ಜಿ ಎಲ್ಲವನ್ನೂ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದಳು. ಹೊರಗೆ ಬಂದು, “ಕರಗಿಸ್ತೀಯೇನಪ್ಪ?” ಎಂದು ಮಗನನ್ನು ಕೇಳಿದಳು. “ಬೆಂಕಿಗೆ ಹೆಸರು ಹೇಳಿದ್ದೀಯ. ಯಾವ ಬಾಯಲ್ಲಿ ವಾಪಸ್ ತಗೋತೀಯ?” ಎಂದು ಅವಳು ಒಳಗೆ ಹೋದಳು. ಅಪ್ಪ ಎದ್ದ. ಅವನು ಪೆಟ್ಟಿಗೆಗೆ ಬೀಗ ಹಾಕದೆ ನೀರು ಕುಡಿಯಲೂ ಏಳುವವನಲ್ಲ. ಈಗ ಪೆಟ್ಟಿಗೆಯನ್ನು ತೆರೆದಿಟ್ಟು, ಬೀಗವನ್ನು ಅದರ ಪಕ್ಕದಲ್ಲಿಟ್ಟು, ಮಗಳ ಕಡೆ ನೋಡದೆ, “ಕೆ.ಆರ್. ಪೇಟೆ ಬಸ್ಸು ಪಾಂಡವಪುರದಿಂದ ಒಂದೂಕಾಲಿಗೆ ಅಲ್ಲವೇ,” ಎಂದು ಯಾರಿಗೋ ಹೇಳಿದಂತೆ ಹೇಳಿ ಊಟಕ್ಕೆ ನಡೆದ.

ಬಸ್ಸಿನಲ್ಲಿ ಕೀರ್ತನಳ ಮುಷ್ಟಿ ಬ್ಯಾಗಿನೊಳಗೆ ಆ ಗುಲಾಬಿ ಪೊಟ್ಟಣದ ಮೇಲಿತ್ತು. ನಿಂತ ಹೆಂಗಸರ ಕುತ್ತಿಗೆಗಳು ಎದುರಿಗೆ ಓಲಾಡುತ್ತಿದ್ದವು. ಕಣ್ಣು ತನ್ನ ಅಭ್ಯಾಸದಂತೆ ಓದುತ್ತಲೇ ಇತ್ತು: ಇವಳು ಗೌಡರವಳು, ಇವಳು ಲಿಂಗಾಯತರವಳು, ಇವಳು ಬಡಗಲ ಕಡೆಯವಳು, ಇವಳ ಗಂಡ ಇಲ್ಲ. ಕಣ್ಣು ಮುಚ್ಚಿದರೂ ಓದು ನಿಲ್ಲಲಿಲ್ಲ. ಗಂಡ ಇಲ್ಲ ಎಂದು ತಾನು ಓದಿದ ಹೆಂಗಸು ಕಿಟಕಿಗೆ ಒರಗಿ ಫೋನಿನಲ್ಲಿ ಯಾರಿಗೋ ನಗುತ್ತ, “ನೀ ಬರ್ಲಿಲ್ಲ ಅಂದ್ರೆ ಕೋಳಿ ಕುಯ್ಯಲ್ಲ,” ಎನ್ನುತ್ತಿದ್ದಳು. ಯಾರಿಗೆ ಎಂದು ಯೋಚಿಸಿದಾಗ ಮತ್ತೆ ಮೈ ಜುಮ್ಮೆಂದಿತು. ಇಷ್ಟು ದಿನ ಯಾವ ಕುತ್ತಿಗೆಯ ಮೇಲೂ ಒಂದು ಮುಖ ಇರುವುದನ್ನು ನೋಡದೆ ಬಂದೆನೇ ಎನ್ನಿಸಿತು. ಸಂತೋಷನಿಂದ ‘ಎಲ್ಲಿದ್ದೀಯ’ ಎಂದು ಬಂತು. ‘ಡೈರಿಲಿ ಯಾರು ಹೇಳಿದ್ದು’ ಎಂದು ಬರೆದಳು. ‘ಸುಮ್ನೆ ತಮಾಷೆ ಕಣೇ, ಸೀರಿಯಸ್ ಆಗ್ಬೇಡ’ ಎಂದು ಬಂತು. ಅವನ ಜಾಗದಲ್ಲಿ ತಾನಿದ್ದರೂ ಹಾಗೆಯೇ ಬರೆಯುತ್ತಿದ್ದೆ ಎಂಬುದು ಅವಳಿಗೆ ಗೊತ್ತಿತ್ತು. ಅವನ ಮೇಲೆ ಕೋಪ ಮಾಡಿಕೊಳ್ಳಲು ಹುಡುಕಿದಳು, ಸಿಗಲಿಲ್ಲ. ಅವನ ಕೈ ಬೆವರಿದ್ದು ಮಾತ್ರ ನೆನಪಾಯಿತು. ಕೈಗಳು ಯಾರದಾದರೂ ಬೆವರುತ್ತವೆ. ಚಿನಕುರಳಿ ದಾಟಿದ ಮೇಲೆ ಕಬ್ಬಿನ ಲಾರಿಯ ಹಿಂದೆ ಬಸ್ಸು ನಿಧಾನವಾಯಿತು. ಕೆ.ಆರ್. ಪೇಟೆಯಲ್ಲಿ ಇಳಿದು ಶೀಳನೆರೆಯ ಬಸ್ಸು ಹತ್ತಿದಳು. ಮುದುಕ ಮುದುಕಿ ಒಟ್ಟಿಗೆ ಇರುವುದನ್ನು ನೋಡಬೇಕಲ್ಲ ಎಂಬ ಭಯ. ಏನನ್ನು ನೋಡುತ್ತೇನೆಂದು ಭಯ, ಎಂದು ಕೇಳಿಕೊಂಡರೆ ಉತ್ತರ ಹೇಳಿಕೊಳ್ಳಲು ನಾಚಿಕೆಯಾಯಿತು.

ಅವರು ಜಗಳವಾಡುತ್ತಿದ್ದರು. ಕೇಳಿ ಹುಡುಕಿದ ಹೆಂಚಿನ ಮನೆಯ ಅಂಗಳದಲ್ಲಿ ಒಲೆ, ಒಲೆಯ ಮೇಲೆ ಸಾರು. ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡ ಸಣಕಲು ಮುದುಕ ಸೌಟು ಹಿಡಿದು ನಿಂತಿದ್ದ.

“ಉಪ್ಪಾಕಿದ್ದೀನಿ ಅಂದ್ನಲ್ಲ.”

“ಆಕಿದ್ರೆ ನಾಲಿಗ್ಗೆ ಗೊತ್ತಾಗ್ಬೇಕಲ್ವ? ನಾಲೆ ನೀರ್ ಕುಡ್ದಂಗದೆ,” ಎಂದಳು ಪುಟ್ಟಗೌರಮ್ಮ.

“ನಾಲೆ ನೀರ್ ಕುಡ್ಕಂಡೇ ನೀನು ಮೂವತ್ತು ವರ್ಸ ಗದ್ದೆ ಮಾಡಿದ್ದು. ಬಿಡೋನು ನಾನು.”

“ಬಿಡ್ತಿದ್ದೆ ಕಣಪ್ಪ, ಎಲ್ಲಾರ ಗದ್ದೆ ತುಂಬಿದ್ ಮ್ಯಾಲೆ.” ಅವಳು ನಕ್ಕಳು. ನಗುವಾಗ ಬಾಗಿಲಲ್ಲಿ ನಿಂತ ಹುಡುಗಿಯನ್ನು ಕಂಡಳು. ನಗು ಒಂದೇ ಸಲಕ್ಕೆ ಹೋಗಲಿಲ್ಲ, ಇಳಿಯುತ್ತ ಇಳಿಯುತ್ತ ಹೋಯಿತು.

ಕೀರ್ತನ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದಳು. “ಅಪ್ಪ ಕಳಿಸಿದ್ರು. ನಾಳೆ ನಿಮ್ಮ ಮಗ ಬಂದು ಕರಗಿಸ್ತಾರೆ, ಅದಕ್ಕೆ.” ಮುದುಕಿ ಸೆರಗಿಗೆ ಕೈ ಒರೆಸಿಕೊಂಡು ಪೊಟ್ಟಣ ಬಿಚ್ಚಿದಳು. ಬಿಸಿಲಿಗೆ ಹಿಡಿದು ನೋಡಿದಳು. ಅದನ್ನು ಮುದುಕನ ಅಂಗೈಯಲ್ಲಿಟ್ಟು ಅಲ್ಲೇ ಅಂಗಳದಲ್ಲಿ, ಒಲೆಯ ಮುಂದೆ, ಪೂರ್ವಕ್ಕೆ ಮುಖ ಮಾಡಿ ಕುಳಿತಳು.

“ಪೂಜಾರಿ ನಾಳೆ ಬತ್ತೀನಿ ಅಂದವ್ನೆ,” ಎಂದ ಸಿದ್ದರಾಜು.

“ನಾಳೆ ಚಲುವನೂ ಬತ್ತಾನೆ. ಕಟ್ಟು.”

ಅವನು ಸೌಟನ್ನು ಕೆಳಗಿಟ್ಟ. ಕನ್ನಡಕವನ್ನು ಸರಿಮಾಡಿಕೊಂಡು ಅವಳ ಹಿಂದೆ ಬಗ್ಗಿದ. ಅವಳ ಜಡೆಯನ್ನು ಪಕ್ಕಕ್ಕೆ ಸರಿಸಿದ ರೀತಿ, ತೂಬಿನ ಬಾಗಿಲನ್ನು ಒಂದಿಂಚು ಎತ್ತುವವನ ರೀತಿ, ಮೆಲ್ಲಗೆ. ಒಂದು ಗಂಟು ಹಾಕಿದ. ಎರಡನೆಯದು ಹಾಕಿದ. ಕೀರ್ತನ ನೋಡುತ್ತ ನಿಂತಿದ್ದಳು. ಎಲ್ಲಿಗೆ ಹೋಯಿತು ಆ ಭಯ. ಅದೇ ಕುತ್ತಿಗೆ, ಅದೇ ಸುಕ್ಕು. ಅಲ್ಲಿ ಬೆವರಿನ ಒಂದು ಹನಿ ಇಳಿದು ದಾರವನ್ನು ಮುಟ್ಟಿ ನಿಂತಿತು. ಅದನ್ನು ಕಂಡು ಅವಳಿಗೆ ಆದ ಆಘಾತ ಹಿಂದಿನವೆಲ್ಲಕ್ಕಿಂತ ದೊಡ್ಡದು: ಇದರಲ್ಲಿ ನಗುವಂಥದ್ದು ಏನೂ ಇರಲಿಲ್ಲ.

ಸಿದ್ದರಾಜು ನೆಟ್ಟಗೆ ನಿಂತ. “ಮೂರ್ನೇ ಗಂಟು ಗಂಡಿನ ಅಕ್ಕತಂಗೀರು ಆಕ್ಬೇಕು. ನಂಗ್ಯಾರೂ ಇಲ್ಲ. ಈ ಮಗ ಆಕ್ಲಿ. ಇದ್ರಿಂದ್ಲೇ ತಾನೆ ತಾಳಿ ಬಂದಿದ್ದು. ಬಾರವ್ವ.”

ಕೀರ್ತನ ಎರಡು ಹೆಜ್ಜೆ ಮುಂದೆ ಬಂದಳು. ಕೈ ಚಾಚಿದಳು.

“ಬ್ಯಾಡ,” ಎಂದಳು ಪುಟ್ಟಗೌರಮ್ಮ. ತಿರುಗಿ ನೋಡಲಿಲ್ಲ.

“ಅಜ್ಜಿ, ರಮ್ಯಂಗೆ ಹೇಳಿದ್ದು ನಾನೇ. ಅವಳಿಗೇ ಮದುವೆ ಅಂದ್ಕೊಂಡು ಹೇಳ್ಬಿಟ್ಟೆ. ಆಮೇಲೆ ಊರಲ್ಲಿ ಎಲ್ಲರೂ ನಗೋ ಹಾಗೆ ಆಗಿದ್ದೂ—”

“ಗೊತ್ತು, ಕುಂತ್ಕೊ. ಊರು ನಗ್ಲಿ, ಊರೇನು ನನ್ ಮಗ್ಗುಲಲ್ಲಿ ಮಲಗ್ತಿರ್ಲಿಲ್ಲ. ಅವ್ಳು ಮಲಗ್ತಿದ್ಲು. ಉಟ್ಟಿದಾಗ್ನಿಂದ. ನಾನೇ ಅವಳ್ಗೆ ಯೋಳ್ಬೇಕು ಅಂತಿದ್ದೆ, ತಲೆ ಬಾಚ್ತಾ ಬಾಚ್ತಾ. ಎಂಗ್ ಯೋಳದು ಅಂತ ಒಂದ್ ತಿಂಗ್ಳಿಂದ ಮಾತು ಜೋಡಿಸ್ಕತಿದ್ದೆ. ನೀನು ಒಂದ್ ಗಳಿಗೇಲಿ ಯೋಳ್ಬುಟ್ಟೆ.” ಅವಳ ಕೈ ಹಿಂದಕ್ಕೆ ಹೋಗಿ ದಾರದ ಎರಡು ಕೊನೆಗಳನ್ನು ತಡಕಿ ಹಿಡಿದು ರವಿಕೆಯೊಳಗೆ ಸೇರಿಸಿತು. “ತಾಳಿ ತಂದೆ, ಒಳ್ಳೇದಾಯ್ತು. ಅದು ನಿಮ್ಮಪ್ಪನ್ ಕೆಲ್ಸ. ಮೂರ್ನೇ ಗಂಟು ರಮ್ಯಂದು. ಅವ್ಳು ಬರಗಂಟ ಎರಡ್ರಲ್ಲೇ ಇರ್ತೀನಿ.”

ಸಿದ್ದರಾಜು ಒಲೆಯ ಕಡೆ ಹೋಗಿ ಸಾರಿಗೆ ಮತ್ತೆ ಉಪ್ಪು ಹಾಕಿದ. “ಉಂಡ್ಕಂಡು ಓಗವ್ವ,” ಎಂದ. ಅವಳು ಉಂಡಳು. ಉಪ್ಪು ಹೆಚ್ಚಾಗಿತ್ತು.

ಕೆ.ಆರ್. ಪೇಟೆಗೆ ವಾಪಸ್ಸು ಬಂದು ಪಾಂಡವಪುರದ ಬಸ್ಸಿಗೆ ಕಾಯುತ್ತ ರಮ್ಯನಿಗೆ ಫೋನು ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದಳು. ಆ ಕಡೆಯಿಂದ ಕತ್ತರಿಸಿದರು. ಬಸ್ಸು ಬಂತು, ಹತ್ತಿ ಕಿಟಕಿಯ ಪಕ್ಕ ಕುಳಿತಳು. ಬಿಸಿಲು ಇಳಿಯುತ್ತಿತ್ತು. ಇವತ್ತು ಚಲುವರಾಜು ಬಾಗಿಲಲ್ಲೇ ನಿಲ್ಲಿಸಬಹುದು, ಬೈಯಬಹುದು. ಅಪ್ಪನ ಅಂಗಡಿಗೆ ಆ ಮೂರು ಮದುವೆ ಬರದೆ ಹೋಗಬಹುದು. ರಮ್ಯ ಒಳಗಿನಿಂದ ಹೊರಗೆ ಬರದೆ ಇರಬಹುದು. ಬಂದರೂ ಅವಳ ಮುಂದೆ ಆಡಬೇಕಾದ ಮೊದಲ ಮಾತು ಯಾವುದು. ವೇದಿಕೆಯ ಮೇಲೆ ಐದು ನಿಮಿಷ ತಡವರಿಸದೆ ಮಾತಾಡಿದವಳು ಒಂದು ವಾಕ್ಯಕ್ಕಾಗಿ ತಡಕಾಡಿದಳು. ಮುದುಕಿ ಒಂದು ತಿಂಗಳು ಜೋಡಿಸಿಯೂ ಮುಗಿಸಲಾರದ ವಾಕ್ಯ ಅದು.

ಕಂಡಕ್ಟರು ಬಂದು ನಿಂತ. “ಎಲ್ಲಿಗವ್ವ? ಶ್ರೀರಂಗಪಟ್ಟಣಕ್ಕಾ?”

“ಅಲ್ಲ,” ಎಂದಳು. “ಪಾಂಡವಪುರ. ಅಲ್ಲಿಂದ ಕ್ಯಾತನಹಳ್ಳಿಗೆ ಬಸ್ಸು ಇರುತ್ತಾ ಈ ಹೊತ್ತಲ್ಲಿ?”

“ಒಂದದೆ. ಓಗದೇನೋ ಓಯ್ತೀಯ, ಬರಕ್ಕೆ ಇಲ್ಲ ಕಣವ್ವ.”

“ಪರವಾಗಿಲ್ಲ,” ಎಂದು ಅವಳು ಟಿಕೆಟ್ಟು ತೆಗೆದುಕೊಂಡಳು.